ಅಕ್ಕ ಬರೆಯದ ಸಾಲು

ನಮ್ಮ ಹಟ್ಟಿ, ಹಿರಿಯೂರು ತಾಲ್ಲೂಕು
12 ಜುಲೈ 2024

ಅಕ್ಕನಿಗೆ,

ಕಾಗದ ಅಂದರೆ ಮೊದಲು ‘ನಾವೆಲ್ಲ ಕ್ಷೇಮ’ ಅಂತ ಬರೆಯಬೇಕು ಎಂದು ಶಾಲೆಯಲ್ಲಿ ಕಲಿಸಿದ್ದರು. ಸರಿ, ಕ್ಷೇಮ. ಕೂಸು ಕ್ಷೇಮ, ಅವ್ವ ಕ್ಷೇಮ, ಕುರಿಗಳೂ ಕ್ಷೇಮ. ನೀನು ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಇದನ್ನು ಒಡೆದು, ‘ಈ ಕಾಲದಲ್ಲಿ ಕಾಗದವಾ, ಇವಳಿಗೇನು ಬಂತು’ ಅಂತ ನಗುತ್ತಿರುತ್ತೀಯ. ಏನು ಮಾಡಲಿ, ನನ್ನ ಮೊಬೈಲನ್ನು ಅವ್ವ ಟ್ರಂಕಿಗೆ ಹಾಕಿ ಬೀಗ ಜಡಿದಿದ್ದಾಳೆ. ‘ಬಾಣಂತಿ ಅದನ್ನ ನೋಡಿದ್ರೆ ಕಣ್ಣು ಹೋಗ್ತಾವೆ ಕಣೇ, ಐದು ತಿಂಗ್ಳು ತುಂಬ್ಲಿ’ ಅಂತ. ಅವಳ ಫೋನಿನಲ್ಲಿ ಮಾತಾಡಿದರೆ ಪಕ್ಕದಲ್ಲೇ ಕೂತು ನನ್ನ ಬಾಯಿ ನೋಡುತ್ತಾಳೆ. ಆಶಾ ಕಾರ್ಯಕರ್ತೆ ನಾಗಕ್ಕ ಕೂಸಿನ ತೂಕ ನೋಡಲು ಬಂದಾಗ ಇದನ್ನು ಪೋಸ್ಟಿಗೆ ಹಾಕಲು ಅವಳ ಕೈಗೆ ಕೊಡುತ್ತೇನೆ.

ಬಾಣಂತಿ ಕೋಣೆ ಹೇಗಿರುತ್ತದೆ ಅಂತ ನಿನಗೆ ಗೊತ್ತಿಲ್ಲ, ಹೇಳುತ್ತೇನೆ ಕೇಳು. ಕಿಟಕಿಗೆ ಕಂಬಳಿ ಕಟ್ಟಿದ್ದಾರೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡ, ದಿಂಬಿನ ಕೆಳಗೆ ಕಬ್ಬಿಣ. ಬೇರೆಯವರ ಮನೆಯಲ್ಲಿ ಕುಡುಗೋಲನ್ನೋ ಅಡಕೊತ್ತನ್ನೋ ಇಡುತ್ತಾರೆ. ನಮ್ಮದು ಕುರಿ ಸಾಕಿದ ಮನೆಯಲ್ಲವಾ, ತಾತ ಎತ್ತಪ್ಪನ ಉಣ್ಣೆ ಕತ್ತರಿಯೇ ಆಗಬೇಕು. ಕಬ್ಬಿಣ ಇದ್ದರೆ ಗಾಳಿ ಸೋಕುವುದಿಲ್ಲವಂತೆ. ನಮ್ಮಿಬ್ಬರನ್ನು ಹೆತ್ತಾಗಲೂ ಅವ್ವನ ತಲೆಯ ಕೆಳಗೆ ಅದೇ ಇತ್ತಂತೆ.

ಈಗ ಕೇಳಬೇಕಾದ ಮಾತು. ಅಕ್ಕ, ಈ ಕೂಸನ್ನು ನೀನು ಸಾಕಿಕೊಳ್ಳುತ್ತೀಯಾ? ತಮಾಷೆಗೆ ಕೇಳುತ್ತಿಲ್ಲ. ಹೊಸದುರ್ಗಕ್ಕೆ ಗಂಡನ ಮನೆಗೆ ಹೋದರೆ, ಅಲ್ಲಿ ತಿಮ್ಮೇಶ್ ಬೆಳಿಗ್ಗೆ ಲಗೇಜ್ ಆಟೊ ಹತ್ತಿದರೆ ಮನೆಗೆ ಬರುವುದು ಸಂಜೆಗೇ. ಅತ್ತೆ ಇಲ್ಲದ ಮನೆ. ದಿನವೆಲ್ಲ ನಾನು, ಕೂಸು, ಇಬ್ಬರೇ. ನನ್ನ ಕೈಲಿ ಆಗುವುದಿಲ್ಲ. ನಿನಗೂ ಮದುವೆಯಾಗಿ ಹನ್ನೊಂದು ವರ್ಷವಾಯಿತು. ನಾನು ಬೇಕಾದರೆ ಇನ್ನೊಂದನ್ನು ಹೆತ್ತುಕೊಳ್ಳುತ್ತೇನೆ. ಬೇಗ ಬರೆ.

ಮೌನಿ


ಚಿಕ್ಕಜಾಜೂರು
18 ಜುಲೈ 2024

ಲೇ ಮೌನಿ,

ನಿನ್ನ ಕಾಗದವನ್ನು ಒಲೆ ಮುಂದೆ ನಿಂತು ಓದಿದೆ, ಸಾರು ಸೀದುಹೋಯಿತು. ನಿಮ್ಮ ಭಾವ ಸೀದ ಸಾರನ್ನೇ ಉಂಡು, ‘ಏನೇ ಜಯಾ, ಅಳ್ತಿದೀಯೋ ನಗ್ತಿದೀಯೋ’ ಅಂದರು. ಎರಡೂ ಅಂದೆ.

ಇಂಥ ಮಾತನ್ನು ಯಾವ ತಂಗಿ ಯಾವ ಅಕ್ಕನಿಗೆ ಕೇಳಿದ್ದಾಳೆ? ನಿನ್ನ ಮನಸ್ಸು ಎಷ್ಟು ದೊಡ್ಡದು ಅಂತ ನನಗೆ ಇಷ್ಟು ದಿನ ಗೊತ್ತಿರಲಿಲ್ಲ. ಯಾವ ಆಸ್ಪತ್ರೆಗೆ ಹೋಗಿಲ್ಲ ನಾವು, ಯಾವ ದೇವರಿಗೆ ಹರಕೆ ಕಟ್ಟಿಕೊಂಡಿಲ್ಲ! ನಡುಮನೆಯ ತೊಲೆಗೆ ತೊಟ್ಟಿಲ ಕೊಕ್ಕೆ ಹೊಡೆಸಿದ್ದೇನೆ. ಹಳೆಯ ವಾಯಿಲ್ ಸೀರೆ ಹರಿದು ಕುಲಾವಿ ಹೊಲಿಯುತ್ತಿದ್ದೇನೆ. ‘ಕೂಸು ಹುಟ್ಟೋಕೆ ಮುಂಚೆ ಕುಲಾವಿ’ ಅಂತ ಭಾವ ಹಂಗಿಸಿದರು. ಹುಟ್ಟಿದೆಯಲ್ಲ, ಇನ್ನೇನು ಅಂದೆ.

ತಿಮ್ಮೇಶನ ಹತ್ತಿರ ಮಾತಾಡಿದ್ದೀಯ ತಾನೆ? ನೀನು ಅದನ್ನು ಬರೆದಿಲ್ಲ. ಇರಲಿ, ನಾನೂ ಒತ್ತಿ ಕೇಳುವುದಿಲ್ಲ. ಕೇಳಿದರೆ ಎಲ್ಲಿ ‘ಇಲ್ಲ’ ಅಂದುಬಿಡುತ್ತೀಯೋ ಅಂತ ಹೆದರಿಕೆ. ಅಲ್ಲಿಯವರೆಗೆ ನನ್ನ ಮಗನನ್ನು ಚೆನ್ನಾಗಿ ಎತ್ತಿ ಆಡಿಸು. ನೋಡಿದೆಯಾ, ಆಗಲೇ ‘ನನ್ನ ಮಗ’ ಅಂದುಬಿಟ್ಟೆ.

ನಿನ್ನ ಅಕ್ಕ
ಜಯಶೀಲಾ


ನಮ್ಮ ಹಟ್ಟಿ
25 ಜುಲೈ 2024

ಅಕ್ಕ,

ನೀನು ಕುಲಾವಿ ಹೊಲಿಯುತ್ತಿದ್ದೀಯ. ನಿಜ ಹೇಳದೆ ಕೊಟ್ಟರೆ ಆ ಪಾಪವೂ ನನಗೇ ಸುತ್ತಿಕೊಳ್ಳುತ್ತದೆ. ಇದನ್ನು ಓದಿ ಒಲೆಗೆ ಹಾಕಿಬಿಡು.

ನಾನು ಕೂಸನ್ನು ಎತ್ತಿ ಆಡಿಸುತ್ತಿಲ್ಲ. ಹೆತ್ತ ಎರಡು ವಾರಕ್ಕೆ, ಹಾಸಿಗೆ ಸರಿ ಮಾಡುವಾಗ ಆ ಕತ್ತರಿಯನ್ನು ಜರುಗಿಸಲು ಕೈಗೆ ತೆಗೆದುಕೊಂಡೆ. ಕೂಸು ಪಕ್ಕದಲ್ಲೇ ಮಲಗಿತ್ತು. ‘ಇದನ್ನು ಇವನಿಗೆ ಚುಚ್ಚಿಬಿಟ್ಟರೆ?’ ಅಂತ ಒಂದು ಯೋಚನೆ ಬಂತು. ಎಲ್ಲಿಂದ ಬಂತೋ ಆ ದೇವರಿಗೇ ಗೊತ್ತು. ಅವತ್ತಿನಿಂದ ಅದು ಹೋಗೇ ಇಲ್ಲ. ಹಾಲು ಕುಡಿಸುವಾಗ, ಅವನು ಆಕಳಿಸುವಾಗ, ಅವನು ನಕ್ಕ ಹಾಗೆ ಮಾಡಿದಾಗ, ಎಲ್ಲಾ ಹೊತ್ತಿನಲ್ಲೂ ಅದೇ. ಯಾವ ತಾಯಿಗೆ ಇಂಥದು ಬರುತ್ತದೆ? ನನ್ನ ಒಳಗೆ ರಾಕ್ಷಸಿ ಇದ್ದಾಳೆ.

ಕತ್ತರಿಯನ್ನು ಯಾರೂ ನೋಡದಾಗ ಕುರಿದೊಡ್ಡಿಯ ಗೊಬ್ಬರದ ಗುಡ್ಡೆಯಲ್ಲಿ ಹೂತು ಬಂದೆ. ಕಬ್ಬಿಣ ಕಾಣೆಯಾಗಿದೆ ಅಂತ ಗೊತ್ತಾದ ಕೂಡಲೇ ಅವ್ವ, ‘ಯಾರೋ ಆಗದೋರು ತೆಗ್ದವ್ರೆ, ಕೂಸಿಗೆ ಕಣ್ಣು ಬಿದ್ದೈತೆ’ ಅಂತ ಕುಡುಗೋಲು, ಅಡಕೊತ್ತು ಎರಡನ್ನೂ ತಂದು ದಿಂಬಿನ ಕೆಳಗೆ ತುರುಕಿದಳು. ಒಂದು ಹೋದ ಕಡೆ ಎರಡು ಬಂತು. ನಗು ಬರುತ್ತದೆ ಅಲ್ಲವಾ? ನನಗೂ ನಗು ಬಂತು, ಆಮೇಲೆ ಸೆರಗು ಕಚ್ಚಿಕೊಂಡು ಅತ್ತೆ.

ಅವ್ವ ಎದುರಿಗೆ ಕೂತರಷ್ಟೇ ಹಾಲು ಕುಡಿಸುತ್ತೇನೆ. ಮಲಗುವಾಗ ಸೀರೆ ಸೆರಗಿನಿಂದ ನನ್ನ ಎರಡೂ ಕೈ ಬಿಗಿದುಕೊಳ್ಳುತ್ತೇನೆ. ಬಂದು ಕರೆದುಕೊಂಡು ಹೋಗು ಅಕ್ಕ. ಅವನಾದರೂ ಉಳಿಯಲಿ.

ಮೌನಿ


ಚಿಕ್ಕಜಾಜೂರು
31 ಜುಲೈ 2024

ಮೌನಿ,

ಕಾಗದ ಒಲೆಗೆ ಹಾಕಿಲ್ಲ, ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೇನೆ. ನಿಮ್ಮ ಭಾವನಿಗೂ ತೋರಿಸಿಲ್ಲ.

ಹುಚ್ಚಿ, ಎಂಥ ಮಾತು ಬರೆದಿದ್ದೀಯ! ತಬ್ಬಲಿ ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಮಡಿಲಲ್ಲೇ ಮಲಗಿಸಿಕೊಳ್ಳುತ್ತಿದ್ದವಳು ನೀನು. ಅದು ಸತ್ತಾಗ ಊಟ ಬಿಟ್ಟವಳು ನೀನು. ನೀನು ಏನೂ ಮಾಡುವುದಿಲ್ಲ. ಬೇಕಾದರೆ ಆಣೆ ಇಟ್ಟು ಬರೆಯುತ್ತೇನೆ: ಮೌನಿ ಅವನಿಗೆ ಏನೂ ಮಾಡುವುದಿಲ್ಲ. ಹೆದರಿಕೆಯಾದಾಗ ಈ ಸಾಲು ಓದಿಕೋ.

ಯಾರ ಮುಂದೆಯೂ ಬಾಯಿ ಬಿಡಬೇಡ. ‘ಬಾಣಂತಿ ಸನ್ನಿ’ ಅಂತ ಹಟ್ಟಿ ತುಂಬ ಸಾರಿಬಿಡುತ್ತಾರೆ. ತಿಮ್ಮೇಶನಿಗಂತೂ ಬೇಡವೇ ಬೇಡ. ನಾಗರ ಪಂಚಮಿ ಕಳೆಯಲಿ, ಬಂದು ಕೂಸನ್ನು ಕರೆತರುತ್ತೇನೆ. ನಿನಗೂ ಬಿಡುಗಡೆ, ನನಗೂ ಮಡಿಲು ತುಂಬಿದ ಹಾಗೆ. ಎಲ್ಲಾ ಒಳ್ಳೆಯದಕ್ಕೇ ಆಗುತ್ತದೆ.

ಅಕ್ಕ


ನಮ್ಮ ಹಟ್ಟಿ
6 ಆಗಸ್ಟ್ 2024

ಅಕ್ಕ,

ನೀನು ಬರೆದ ಸಾಲು ಅವತ್ತೊಂದು ದಿನ ಅಮೃತವಾಗಿತ್ತು. ಅವನನ್ನು ಎತ್ತಿಕೊಂಡು ನೆತ್ತಿ ಮೂಸಿ ನೋಡಿದೆ. ಬೆಣ್ಣೆ ವಾಸನೆ. ಮಾರನೇ ದಿನ ‘ಅಕ್ಕನಿಗೆ ಹೇಗೆ ಗೊತ್ತು? ಅವಳು ನನ್ನ ತಲೆಯ ಒಳಗೆ ಇಣುಕಿ ನೋಡಿದ್ದಾಳಾ?’ ಅನ್ನಿಸಿತು. ಮತ್ತೆ ಓದಿದೆ. ಓದಿ ಓದಿ ಆ ಮಡಿಕೆಯಲ್ಲೇ ಕಾಗದ ಹರಿದಿದೆ. ಇನ್ನೊಂದು ಸಲ ಬರೆದು ಕಳಿಸು. ಈ ಸಲ ‘ಖಂಡಿತ’ ಅಂತ ಸೇರಿಸು. ಕುರಿಮರಿ ಕಥೆ ಬೇಡ, ಅದು ಕುರಿಮರಿ, ಇವನು ಮನುಷ್ಯ. ಬೇರೆ ಏನಾದರೂ ಗಟ್ಟಿ ಕಾರಣ ಕೊಡು.

ಹುಚ್ಚು ಬಿಡದ ಹೊರತು ಮದುವೆಯಾಗಲ್ಲ, ಮದುವೆಯಾಗದ ಹೊರತು ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗಾಗಿದೆ. ಏನೂ ಮಾಡಲ್ಲ ಅಂತ ಖಾತ್ರಿಯಾದರೆ ಮುಟ್ಟಬಹುದು, ಮುಟ್ಟಿದರೆ ತಾನೇ ಖಾತ್ರಿಯಾಗುವುದು. ಈ ಕೋಣೆಗೆ ಒಂದು ಬಾಗಿಲಾದರೂ ಇದೆ, ನನ್ನ ತಲೆಗೆ ಅದೂ ಇಲ್ಲ.

ಪಂಚಮಿಗೆ ಇನ್ನು ಎಷ್ಟು ದಿನ ಅಂತ ನೋಡುತ್ತಾ ಕೂತಿದ್ದೇನೆ. ಬರುತ್ತೀಯ ತಾನೆ?

ಮೌನಿ


ಚಿಕ್ಕಜಾಜೂರು
22 ಆಗಸ್ಟ್ 2024

ಮೌನಿಗೆ,

ಪಂಚಮಿ ಕಳೆದು ಎಷ್ಟೋ ದಿನವಾಯಿತು. ನಾನು ಬರಲಿಲ್ಲ. ಬಾಗಿಲ ಕಡೆ ನೋಡುತ್ತಾ ಕೂತಿರುತ್ತೀಯ ಅಂತ ಗೊತ್ತು.

ಚೀಲ ಕಟ್ಟಿದ್ದೆ. ಹೊರಡುವ ಹಿಂದಿನ ದಿನ ನಿನ್ನ ಕಾಗದಗಳನ್ನೆಲ್ಲ ಭಾವನಿಗೆ ತೋರಿಸಿದೆ. ಅವರು ಎಲ್ಲವನ್ನೂ ಓದಿ, ಮಡಿಸಿ ನನ್ನ ಕೈಗೆ ಕೊಟ್ಟರು. ‘ಲೇ ಜಯಾ, ಇದು ಕೊಡೋರ ಮಾತಲ್ಲ. ಸಿಕ್ಕಿಬಿದ್ದೋರ ಮಾತು’ ಅಂದರು. ನನಗೆ ಕೆಟ್ಟ ಕೋಪ ಬಂತು. ಅವರ ಜೊತೆ ಮಾತೇ ಬಿಟ್ಟೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ.

ಮಂಗಳವಾರ ಹೊಳಲ್ಕೆರೆ ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುತ್ತಾರೆ ಅಂತ ತಿಳಿದು ಹೋದೆ. ನಿನ್ನ ಹೆಸರು ಹೇಳದೆ ಎಲ್ಲಾ ಹೇಳಿದೆ. ಡಾಕ್ಟರಮ್ಮ ಬೆಚ್ಚಿಬೀಳಲಿಲ್ಲ, ಅದೇ ನನಗೆ ಆಶ್ಚರ್ಯ. ಕಿವಿಯಲ್ಲಿ ಯಾರೋ ಮಾತಾಡಿದ ಹಾಗೆ ಕೇಳುತ್ತದಾ, ಹಾಗೆ ಮಾಡುವುದೇ ಸರಿ ಅನ್ನಿಸುತ್ತದಾ, ತಾನು ಸಾಯಬೇಕು ಅನ್ನುತ್ತಾಳಾ ಅಂತ ಕೇಳಿದರು. ‘ಇಲ್ಲಮ್ಮ, ಎಲ್ಲಿ ಮಾಡಿಬಿಡ್ತೀನೋ ಅಂತ ಹೆದರಿ ಒಣಗಿ ಹೋಗವ್ಳೆ’ ಅಂದೆ. ಇದು ಗೀಳು ಕಾಯಿಲೆ, ಓಸಿಡಿ ಇದ್ದ ಹಾಗೆ ಕಾಣುತ್ತದೆ, ಆದರೆ ಅವಳನ್ನೇ ನೋಡದೆ ಹೇಳಲಾರೆ ಅಂದರು. ಕೈ ತೊಳೆದದ್ದೇ ತೊಳೆಯುತ್ತಾರಲ್ಲ, ಅದೇ ಕಾಯಿಲೆಯ ಇನ್ನೊಂದು ಮುಖವಂತೆ. ಕೆಟ್ಟ ಯೋಚನೆ ಎಲ್ಲರ ತಲೆಗೂ ಬರುತ್ತದಂತೆ, ಬಂದು ಹೋಗುತ್ತದಂತೆ. ಈ ಕಾಯಿಲೆಯಲ್ಲಿ ಅದು ಕಚ್ಚಿಕೊಳ್ಳುತ್ತದಂತೆ. ಅದೂ ಎಂಥ ಯೋಚನೆ? ಆ ಮನುಷ್ಯರಿಗೆ ಯಾವುದು ಎಲ್ಲಕ್ಕಿಂತ ಬೇಡವೋ ಅದೇ. ನೀನು ರಾಕ್ಷಸಿ ಅಲ್ಲ ಕಣೇ, ನಿನಗೆ ಕಾಯಿಲೆ. ಇದಕ್ಕೆ ಮದ್ದಿದೆ.

ಅದಕ್ಕೇ ಬರೆಯುತ್ತಿದ್ದೇನೆ: ಕೂಸನ್ನು ನಾನು ತರುವುದಿಲ್ಲ. ಇದನ್ನು ಬರೆಯಲು ನನಗೆ ಇಷ್ಟು ದಿನ ಬೇಕಾಯಿತು. ಕಾಯಿಲೆ ಬಿದ್ದವಳ ಕೈಯಿಂದ ಮಗು ಕಿತ್ತುಕೊಂಡರೆ ಅದು ನನ್ನ ಮಗ ಆಗುವುದಿಲ್ಲ. ಆ ಕೊಕ್ಕೆಗೆ ಈಗ ಈರುಳ್ಳಿ ಬುಟ್ಟಿ ತೂಗುಹಾಕಿದ್ದೇನೆ. ಹಾಕಿ, ಅದರ ಕೆಳಗೆ ಕೂತು ಅತ್ತೆ.

ಅವ್ವನಿಗೆ ಹೇಳು. ತಿಮ್ಮೇಶನಿಗೂ ಹೇಳು. ‘ಹೇಳಬೇಡ’ ಅಂದಿದ್ದು ನನ್ನ ಹೆದರಿಕೆ. ನಾಗಕ್ಕನ ಜೊತೆ ತಡಮಾಡದೆ ಚಿತ್ರದುರ್ಗದ ಆಸ್ಪತ್ರೆಗೆ ಹೋಗು, ಮಿಕ್ಕ ದಿನ ಆ ಡಾಕ್ಟರಮ್ಮ ಅಲ್ಲೇ ಇರುತ್ತಾರಂತೆ. ಬಸ್‌ಸ್ಟ್ಯಾಂಡಿಗೆ ನಾನೇ ಬಂದಿರುತ್ತೇನೆ.

ಅಕ್ಕ


ನಮ್ಮ ಹಟ್ಟಿ
3 ಸೆಪ್ಟೆಂಬರ್ 2024

ಅಕ್ಕ,

ಚಿತ್ರದುರ್ಗದಿಂದ ಬಂದ ಮೇಲೆ ಮೊಬೈಲು ಕೈಗೆ ಸಿಕ್ಕಿದೆ. ಆದರೂ ಇದನ್ನು ಬರೆದೇ ಹೇಳಬೇಕು ಅನ್ನಿಸಿತು. ಆಸ್ಪತ್ರೆಯ ಬೆಂಚಿನ ಮೇಲೆ ನೀನು ಕೂಸನ್ನು ಎತ್ತಿಕೊಂಡಿದ್ದೆ. ‘ಇನ್ನು ಕೊಡು’ ಅಂತ ಕೇಳಲು ನನಗೂ ಬಾಯಿ ಬರಲಿಲ್ಲ, ‘ತಗೋ’ ಅನ್ನಲು ನಿನಗೂ ಬರಲಿಲ್ಲ. ಕೊನೆಗೆ ಅವನೇ ಹಾಲಿಗೆ ಅತ್ತ.

ಮಾತ್ರೆ ನುಂಗುತ್ತಿದ್ದೇನೆ. ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಂತೆ. ಕೆಲಸ ಮಾಡಲು ವಾರಗಟ್ಟಲೆ ಬೇಕಂತೆ, ಬಿಟ್ಟುಬಿಟ್ಟು ನುಂಗಬಾರದಂತೆ. ಮಾತ್ರೆಗಿಂತ ಕಷ್ಟದ್ದು ಡಾಕ್ಟರಮ್ಮ ಮನೆಯಲ್ಲಿ ಮಾಡು ಅಂತ ಕೊಟ್ಟ ಅಭ್ಯಾಸ. ಹೆದರಿಸುವುದನ್ನು ದೂರ ಇಡಬಾರದು, ಸ್ವಲ್ಪ ಸ್ವಲ್ಪವೇ ಹತ್ತಿರ ತಂದುಕೊಂಡು ಸುಮ್ಮನೆ ಕೂರಬೇಕು. ಕೈ ಕಟ್ಟಿಕೊಳ್ಳುವಂತಿಲ್ಲ, ದೇವರಿಗೆ ಮೊರೆಯಿಡುವಂತಿಲ್ಲ, ‘ನಾನು ಏನೂ ಮಾಡಲ್ಲ ಅಲ್ವಾ’ ಅಂತ ಯಾರನ್ನೂ ಕೇಳುವಂತಿಲ್ಲ. ಹೆದರಿಕೆ ಏರುತ್ತದೆ, ಏರಿ ತಾನೇ ಇಳಿಯುತ್ತದೆ, ಕಾಯುತ್ತಾ ಕೂರು ಅಂದರು. ಮೊದಲ ವಾರ ಕತ್ತರಿ ಕೋಣೆಯ ಆ ಮೂಲೆಯಲ್ಲಿ, ಆಮೇಲೆ ಮಂಚದ ಮೇಲೆ, ಕೊನೆಗೆ ದಿಂಬಿನ ಕೆಳಗೆ.

ಅವ್ವ ಕುಡುಗೋಲು, ಅಡಕೊತ್ತನ್ನು ಒಳಗೆತ್ತಿಟ್ಟು, ಆ ಕತ್ತರಿಯನ್ನು ಗೊಬ್ಬರದಿಂದ ಅಗೆದು ತೆಗೆದು, ಹುಣಸೆಹಣ್ಣು ಹಾಕಿ ತಿಕ್ಕಿ ತಂದಳು. ನಾನು ಎಲ್ಲಾ ಹೇಳಿದಾಗ ಬಾಯಿ ಮೇಲೆ ಕೈ ಇಟ್ಟುಕೊಂಡು ಕೂತವಳು, ಈಗ ಹಟ್ಟಿಗೆಲ್ಲ, ‘ನಾ ಹೇಳಿದ್ದನ್ನೇ ಡಾಕ್ಟ್ರಮ್ಮನೂ ಹೇಳವ್ಳೆ, ಕಬ್ಬಿಣ ದಿಂಬಿನ ಕೆಳಗೇ ಇರ್ಬೇಕು’ ಅಂತ ಹೇಳಿಕೊಂಡು ತಿರುಗುತ್ತಿದ್ದಾಳೆ. ಅವಳ ಕಾರಣ ಬೇರೆ, ಅವರ ಕಾರಣ ಬೇರೆ. ನಡುವೆ ನನ್ನ ತಲೆ.

ಇವತ್ತು ಮೂಲೆಯಲ್ಲಿ ಕತ್ತರಿ ಇಟ್ಟುಕೊಂಡು ಕೂತೆ. ವಾಂತಿಯಾಯಿತು. ಕೂಸನ್ನು ಅವ್ವನ ಕೈಗೆ ಕೊಟ್ಟು ಓಡಿದೆ. ಮೊದಲ ದಿನವೇ ಸೋತೆ.

ಮೌನಿ


ನಮ್ಮ ಹಟ್ಟಿ
24 ಸೆಪ್ಟೆಂಬರ್ 2024

ಅಕ್ಕ,

ಯಾಕೆ ಫೋನ್ ಎತ್ತುತ್ತಿಲ್ಲ? ಮೊದಲ ಎರಡು ವಾರ ಎತ್ತಿದೆ, ನಾನು ಕೇಳಿದ್ದಕ್ಕೆಲ್ಲ ‘ಇಲ್ಲ ಕಣೇ, ಏನೂ ಆಗಲ್ಲ’ ಅಂದೆ. ಈಗ ರಿಂಗ್ ಆಗಿ ಆಗಿ ನಿಲ್ಲುತ್ತದೆ. ಭಾವನಿಗೆ ಮಾಡಿದರೆ, ‘ರೈಲ್ವೆ ಲೈನ್ ಮೇಲೆ ಡ್ಯೂಟೀಲಿ ಇದೀನಮ್ಮ’ ಅಂತ ಇಟ್ಟುಬಿಡುತ್ತಾರೆ. ಜಾಸ್ತಿ ಏನೂ ಕೇಳುತ್ತಿಲ್ಲ. ಒಂದು ಸಾಲು. ಜುಲೈನಲ್ಲಿ ಬರೆದಿದ್ದೆಯಲ್ಲ, ಅದೇ ಸಾಲು. ಕತ್ತರಿ ಮಂಚದ ಮೇಲೆ ಬಂದಿದೆ, ಅದೊಂದು ಸಾಲು ಇದ್ದರೆ ಹೇಗೋ ಕೂತುಬಿಡುತ್ತೇನೆ.

ಮೌನಿ


1 ಅಕ್ಟೋಬರ್ 2024

ಕೂಸು ಸಿಗಲಿಲ್ಲ ಅಂತ ಸಿಟ್ಟಾ? ಅದಕ್ಕೇನಾ ಈ ಮೌನ? ಹಾಗಿದ್ದರೆ ಹಾಗಂತ ಹೇಳು. ಕೊಡುತ್ತೇನೆ, ನಾಳೆಯೇ ಬಂದು ತೆಗೆದುಕೊಂಡು ಹೋಗು. ಒಂದು ಸಾಲಿಗೆ ಬದಲು ಒಂದು ಮಗು.


ಚಿಕ್ಕಜಾಜೂರು
9 ಅಕ್ಟೋಬರ್ 2024

ಮೌನಿ,

ಬೈಯ್ಯಿ, ಎಷ್ಟು ಬೇಕಾದರೂ ಬೈಯ್ಯಿ. ನಿನ್ನ ಕೊನೆಯ ಕಾಗದ ಓದಿ ಊಟ ಸೇರಲಿಲ್ಲ. ನೀನು ಬರೆದದ್ದರಲ್ಲಿ ಕಾಲು ಭಾಗ ನಿಜ ಇತ್ತು, ಅದಕ್ಕೇ ಅಷ್ಟು ಚುಚ್ಚಿತು.

ಫೋನ್ ಎತ್ತದಿರುವುದು ಸಿಟ್ಟಿಗಲ್ಲ. ನೀನು ದಿನವೆಲ್ಲ ಫೋನ್ ಮಾಡುತ್ತೀಯ ಅಂತ ಡಾಕ್ಟರಮ್ಮನಿಗೆ ಹೇಳಿದೆ. ‘ನೀವು ಪ್ರತಿ ಸಲ ಸಮಾಧಾನ ಹೇಳಿದಾಗ ಕಾಯಿಲೆಗೆ ಉಣಿಸ್ತಾ ಇದೀರಿ’ ಅಂದರು. ಪ್ರೀತಿಯಿಂದ ಹೇಳಿದರೂ ಅಷ್ಟೇ ಅಂತೆ. ನಾನು ಆಣೆ ಇಟ್ಟು ಬರೆದೆನಲ್ಲ ಆ ಸಾಲು, ಅದು ನಿನ್ನನ್ನು ಇನ್ನೂ ಒಳಗೆ ತಳ್ಳಿತು. ಈ ಮಾತನ್ನು ನಿನಗೆ ಮೊದಲೇ ಹೇಳಿ ನಿಲ್ಲಿಸಬೇಕಿತ್ತು. ಫೋನಿನಲ್ಲಿ ನಿನ್ನ ಅಳು ಕೇಳಿದರೆ ಬಾಯಿ ತಡೆಯುವುದಿಲ್ಲ ಅಂತ ಓಡಿಹೋದೆ.

ಭಾವ ಮೊದಲು ಕೀಮ್ಯಾನ್ ಆಗಿದ್ದರಲ್ಲ, ಹಳಿಯ ಕೀಲಿಗಳನ್ನು ಸುತ್ತಿಗೆಯಿಂದ ಹೊಡೆದು ನೋಡುತ್ತಾ ನಡೆಯುವ ಕೆಲಸ. ಹೊಡೆದದ್ದು ಬಿಗಿಯಾಯಿತೋ ಇಲ್ಲವೋ ಅಂತ ಹಿಂದಕ್ಕೆ ಹೋಗಿ ನೋಡಬೇಕು ಅನ್ನಿಸುವುದಿಲ್ಲವಾ ಅಂತ ಕೇಳಿದೆ. ‘ಅನ್ನಿಸ್ತೈತೆ. ಹಿಂದಕ್ಕೆ ಹೋದ್ರೆ ರಾಮಗಿರಿ ಸ್ಟೇಷನ್ ಮುಟ್ಟಲ್ಲ. ಅನ್ನಿಸ್ಕಂಡೇ ಮುಂದಕ್ಕೆ ನಡೀಬೇಕು’ ಅಂದರು.

ಆದ್ದರಿಂದ ಆ ಸಾಲು ಇದರಲ್ಲಿ ಇಲ್ಲ, ಇನ್ನು ಮುಂದೆಯೂ ಬರೆಯುವುದಿಲ್ಲ. ಪೆನ್ನಿನ ತುದಿಗೆ ಬಂದಿದೆ ಕಣೇ, ತಡೆದುಕೊಂಡಿದ್ದೇನೆ. ಬೇರೆ ಏನು ಬೇಕಾದರೂ ಕೇಳು. ಇಲ್ಲಿ ಎದುರು ಮನೆಯ ಪುಟ್ಟಕ್ಕನ ಎಮ್ಮೆ ಈದಿದೆ, ದಿನಾ ಗಿಣ್ಣು ತಂದುಕೊಟ್ಟು ನನ್ನನ್ನು ಕೊಬ್ಬಿಸುತ್ತಿದ್ದಾಳೆ. ಅವನ ಹಲ್ಲು ಬಂತಾ? ಹೆಸರು ಏನಿಡುತ್ತೀಯ? ಕೊಡುತ್ತೇನೆ ಅಂತ ಮಾತ್ರ ಇನ್ನೊಮ್ಮೆ ಅನ್ನಬೇಡ. ನಾನೂ ಮನುಷ್ಯಳೇ, ಬಂದುಬಿಟ್ಟೇನು.

ಅಕ್ಕ


ಹೊಸದುರ್ಗ
20 ನವೆಂಬರ್ 2024

ಅಕ್ಕ,

ಬಂದು ಮೂರು ದಿನವಾಯಿತು. ಹೆಸರು ದಯಾನಂದ ಅಂತ ಇಟ್ಟಿದ್ದೇವೆ, ಕರೆಯುವುದು ಗುಂಡ ಅಂತಲೇ. ಹಲ್ಲು ಇನ್ನೂ ಇಲ್ಲ.

ತಿಮ್ಮೇಶ್ ನಾವು ಬರುವ ಮೊದಲೇ ಮನೆಯಲ್ಲಿದ್ದ ಚಾಕು, ಕತ್ತರಿ, ಈಳಿಗೆಮಣೆ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದ್ದ. ಹೆಚ್ಚಿದ ತರಕಾರಿಯನ್ನೇ ಅಂಗಡಿಯಿಂದ ತರುತ್ತಾನಂತೆ! ಅವನ ಪ್ರೀತಿ ನೋಡಿ ಕಣ್ಣಲ್ಲಿ ನೀರು ಬಂತು. ಆಮೇಲೆ ನಾನೇ ಏಣಿ ಹತ್ತಿ ಎಲ್ಲವನ್ನೂ ಇಳಿಸಿದೆ. ‘ಬೇಡ ಕಣೇ’ ಅಂದ. ‘ಬೇಕು ರೀ, ಇದೇ ನನ್ನ ಮದ್ದು’ ಅಂದೆ. ಅವನಿಗೆ ಪೂರ್ತಿ ಅರ್ಥವಾಗಿಲ್ಲ, ಆದರೂ ಸುಮ್ಮನಾದ.

ವಾಸಿಯಾಗಿದೆ ಅಂತ ಬರೆಯಲಾರೆ. ಹಟ್ಟಿಯಲ್ಲಿ ಕಡೆಕಡೆಗೆ ಕತ್ತರಿ ದಿಂಬಿನ ಕೆಳಗಿದ್ದರೂ ನಿದ್ದೆ ಬರುತ್ತಿತ್ತು. ಯೋಚನೆ ಮೊದಲಿನಷ್ಟು ಹೊತ್ತು ಕೂರುವುದಿಲ್ಲ. ಆದರೆ ಆ ಮನೆಯಲ್ಲಿ ಕೂಗಿದರೆ ಅವ್ವ ಇದ್ದಳು. ಇವತ್ತು ತಿಮ್ಮೇಶ್ ಹೊಳಲ್ಕೆರೆಗೆ ಲೋಡ್ ತೆಗೆದುಕೊಂಡು ಹೋದ. ಹೋಗುವಾಗ ಬಾಗಿಲಲ್ಲಿ ನಿಂತು, ‘ಪಕ್ಕದ ಮನೆಯೋರ್ನ ಕರೀಲಾ’ ಅಂದ. ಬೇಡ ಅಂದೆ. ಅಂದು ಬಾಗಿಲು ಹಾಕಿಕೊಂಡೆ. ಗುಂಡ ಹುಟ್ಟಿದ ಮೇಲೆ ಒಂದೇ ಮನೆಯಲ್ಲಿ ನಾವಿಬ್ಬರೇ ಇರುವುದು ಇದೇ ಮೊದಲು.

ಹೀರೇಕಾಯಿ ಹೆಚ್ಚಲು ಕೂತೆ. ಗುಂಡ ಚಾಪೆಯ ಮೇಲೆ ನಿದ್ದೆ ಮಾಡುತ್ತಿದ್ದ. ಯೋಚನೆ ಬಂತು, ಬರುತ್ತದೆ ಅಂತ ಗೊತ್ತೇ ಇತ್ತು. ಅರ್ಧಕ್ಕೆ ಬಿಟ್ಟು ಎದ್ದು ಬಂದು ಈ ಕಾಗದ ಬರೆಯಲು ಶುರು ಮಾಡಿದೆ. ನಿನ್ನ ನೆನಪಾಗಿ ಬರೆಯುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಈಗ ಇಷ್ಟುದ್ದ ಬರೆದ ಮೇಲೆ ತಿಳಿಯುತ್ತಿದೆ: ಕೈಯಲ್ಲಿ ಪೆನ್ನು ಇರುವಷ್ಟು ಹೊತ್ತು ಆ ಕೈ ಬೇರೇನೂ ಮಾಡುವುದಿಲ್ಲ ಅಂತ ಧೈರ್ಯ. ಕೈ ಕಟ್ಟಿಕೊಳ್ಳುವುದೂ ಇದೂ ಒಂದೇ. ಡಾಕ್ಟರಮ್ಮ ನೋಡಿದ್ದರೆ ಒಂದೇ ನೋಟಕ್ಕೆ ಹಿಡಿದುಬಿಡುತ್ತಿದ್ದರು.

ಅವನು ಎದ್ದಿದ್ದಾನೆ. ಮೊದಲು ಕೊಸರಾಡಿದ, ಈಗ ಅಳುತ್ತಿದ್ದಾನೆ. ಈಳಿಗೆಮಣೆ ಅಲ್ಲೇ ಇದೆ, ಅದನ್ನು ಎತ್ತಿಡುವುದಿಲ್ಲ. ನಿನ್ನನ್ನು ಆ ಸಾಲು ಕೇಳುವುದಿಲ್ಲ. ನಾನು ಏನೂ ಮಾಡಲ್ಲ ಅಂತ ನನಗೆ ಖಾತ್ರಿ ಇಲ್ಲ ಅಕ್ಕ, ಅಂಥ ಖಾತ್ರಿ ಈ ಲೋಕದಲ್ಲಿ ಯಾವ ತಾಯಿಗೂ ಇಲ್ಲವಂತೆ. ಇಲ್ಲದೆಯೇ ಎಲ್ಲರೂ ಎತ್ತಿಕೊಳ್ಳುತ್ತಾರಂತೆ.

ಜೋರಾಗಿ ಅಳುತ್ತಿದ್ದಾನೆ. ಎತ್ತಿಕೊಳ್ಳಲು ಎರಡೂ ಕೈ ಬೇಕು. ಪೆನ್ನು ಕೆಳಗಿಡುತ್ತಿದ್ದೇನೆ.